ಉತ್ತರದ ಸಾಲಿಗೆ ಜನವಿಲ್ಲ

ಮಾರ್ಚ್ 4, ಸೋಮವಾರ

ಸಿಟ್ಟು ಬಂದಾಗ ಕೂಗಬೇಡಿ, ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದಾಗ ಮುಳ್ಳು ಹತ್ತಿದ ಎತ್ತರ ನೋಡಿ ಅವರೇ ಬೆವರಿದರು. ಇಷ್ಟು ರಕ್ತದೊತ್ತಡ ಇಟ್ಟುಕೊಂಡು ನಡೆದೇ ಬಂದವನನ್ನು ಅವರು ಕಂಡಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿತ್ತು. ನಾನು ಯಾವುದನ್ನೂ ಅರೆಬರೆ ಮಾಡಿದವನಲ್ಲ.

ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಎಂಟಕ್ಕೆ ಹೋಗಿದ್ದರೆ ಮೇಷ್ಟ್ರ ಹತ್ತಿರ ನನಗೆ ಕಲಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ, ಅವರ ಮರ್ಯಾದೆ ಉಳಿಯಲಿ ಎಂದು ಬಿಟ್ಟೆ.

ಇವತ್ತಿನ ಸಿಟ್ಟಿಗೆ ಕಾರಣ ಸೋಫಾ. ಸೋಫಾ ಎಂದರೆ ನಮ್ಮ ಬೀದಿಯ ಪ್ರಾರ್ಥನಾ ಮಂದಿರದ ಸಮಿತಿಯ ಅಧ್ಯಕ್ಷ. ಪೀಠೋಪಕರಣದ ಅಂಗಡಿ ಇಟ್ಟಿದ್ದಾನೆ, ಆ ಹೆಸರು ಇಟ್ಟವನು ನಾನೇ, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ. ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದ. ಆಮೇಲೆ ಪ್ರಾರ್ಥನೆ ಹೇಳಿಸುವ ಗುರುವನ್ನು ಕೇಳಿದ.

"ಗುರುಗಳೇ, ಇವತ್ತು ಎಷ್ಟು ಜನ?"

"ಇಬ್ಬರು."

"ಒಬ್ರು ಅನ್ನಿ. ಇನ್ನೊಬ್ರು ಫ್ಯಾನಿನ ಗಾಳಿಗೆ ಬಂದು ಮಲಗಿದ್ದೋರು."

ಈ ತಿಂಗಳ ಕೊನೆಯ ಭಾನುವಾರ ಸಭೆಯಂತೆ. ಜನ ಬಾರದ ಮಂದಿರವನ್ನು ಮುಚ್ಚಿ ಅವನ ಗೋದಾಮಿಗೆ ಕೊಡುವ ಆಲೋಚನೆ. ಹಿಂದಿನ ಕೋಣೆಯಲ್ಲಿ ವಾಸವಿರುವ ಗುರು ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. "ನೋಡೋಣ" ಎಂದ. ನೋಡೋಣ ಎಂದವನು ಎಂದಾದರೂ ನೋಡಿದ್ದುಂಟೇ?

ಮಂದಿರ ಮುಚ್ಚಿದರೆ ನಾನು ಕುಣಿಯಬೇಕು. ನಾನು ಈ ಊರಿನ ಮೊದಲನೇ ನಾಸ್ತಿಕ. ಮೀಸೆ ಮೂಡುವ ಮೊದಲೇ ದೇವರನ್ನು ಬಿಟ್ಟವನು, ಅದಕ್ಕಾಗಿ ಅಪ್ಪನ ಕೈಯಲ್ಲಿ ಬೆಲ್ಟಿನ ಏಟು ತಿಂದವನು. ಆದರೂ ದಿನಾ ಬೆಳಿಗ್ಗೆ ಆ ಮಂದಿರದ ಮೂಲೆಯಲ್ಲಿ ಕೂತು ಗುರುವಿನ ದನಿಯನ್ನು ಬೀದಿಗೆಲ್ಲ ಕೇಳಿಸುವವನೂ ನಾನೇ. ಏಕೆಂದರೆ ಮೈಕ್ ಸೆಟ್ಟು ನನ್ನದು. ಮದುವೆಗೂ ಕೊಡುತ್ತೇನೆ, ಮೆರವಣಿಗೆಗೂ ಕೊಡುತ್ತೇನೆ. ಕರೆಂಟಿಗೆ ಭಕ್ತಿ ಇಲ್ಲ. ಅಕ್ಕನ ಮಂಡಿ ಹಿಡಿದುಕೊಂಡ ಮೇಲೆ ಅವಳು ಮಂದಿರಕ್ಕೆ ಬರಲಾರಳು, ನಮ್ಮ ಮನೆಯ ಮಹಡಿಯ ಕಿಟಕಿಯಲ್ಲಿ ಕೂತು ಕೇಳುತ್ತಾಳೆ. ಅವಳಿಗೋಸ್ಕರ ಹಾರ್ನ್ ಆ ಕಡೆ ತಿರುಗಿಸಿದ್ದೇನೆ ಎಂದು ಜನ ಹೇಳುತ್ತಾರೆ. ಸುಳ್ಳು. ಗಾಳಿ ಆ ಕಡೆ ಬೀಸುತ್ತದೆ.

ಮಾರ್ಚ್ 7, ಗುರುವಾರ

ಇವತ್ತು ಒಬ್ಬರೂ ಬರಲಿಲ್ಲ. ಫ್ಯಾನಿನವರೂ ಇಲ್ಲ.

ಈ ಪ್ರಾರ್ಥನೆ ಒಬ್ಬನೇ ಹೇಳಿ ಮುಗಿಸುವಂಥದ್ದಲ್ಲ. ಗುರು ಒಂದು ಸಾಲು ಹೇಳಬೇಕು, ಕೂತವರು ಉತ್ತರದ ಸಾಲು ಹೇಳಬೇಕು. ಉತ್ತರ ಬಾರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ನಿಯಮ ಮಾಡಿದವನಿಗೆ ಹೀಗೂ ಒಂದು ದಿನ ಬಂದೀತೆಂದು ಹೊಳೆದಿರಲಿಲ್ಲ, ಪಾಪ.

ಗುರು ಎಂದಿನಂತೆ ಎರಡು ಸಲ ಕೆಮ್ಮಿ ಶುರು ಮಾಡಿದ. "ಬೆಳಗಾಯಿತು, ಕರೆದವನು ಕಾದಿದ್ದಾನೆ."

"ಬಂದೆವು, ಇಲ್ಲಿದ್ದೇವೆ" ಎಂದು ಜನ ಹೇಳಬೇಕು. ಜನವೆಲ್ಲಿ? ಖಾಲಿ ಚಾಪೆ. ಗುರು ಕಣ್ಣು ಮುಚ್ಚಿ ನಿಂತ. ನಿಂತೇ ಇದ್ದ. ಆಂಪ್ಲಿಫಯರ್ ಗುಂಯ್ ಎನ್ನುತ್ತಿತ್ತು. ಬೀದಿಯಲ್ಲಿ ಹಾಲಿನವನ ಸೈಕಲ್ ಹೋಯಿತು, ಶಾಲೆಯ ವ್ಯಾನ್ ಹೋಯಿತು, ಅವನು ಕಂಬದ ಹಾಗೆ ನಿಂತೇ ಇದ್ದ. ಮುಖದಲ್ಲಿ ಬೇಸರವೂ ಇಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಬೇರೆ ಹಸಿದಿತ್ತು.

"ಇದ್ದೀವಯ್ಯಾ, ಮುಂದಕ್ಕೆ ಹೋಗು" ಎಂದು ಗದರಿದೆ.

ಪರೀಕ್ಷೆಗೆಂದು ಇಟ್ಟುಕೊಂಡ ಎರಡನೇ ಮೈಕು ನನ್ನ ತೊಡೆಯ ಮೇಲಿತ್ತು. ಆನ್ ಆಗಿತ್ತು. ಹಾರ್ನ್ ನಾಲ್ಕು ಬೀದಿಗೆ ಕೂಗಿ ಹೇಳಿತು. ಗುರು ಕಣ್ಣು ತೆರೆಯದೆ ಎರಡನೇ ಸಾಲಿಗೆ ಹೋದ, ಅಲ್ಲಿ ಮತ್ತೆ ನಿಂತ. ಒಂದಕ್ಕೆ ಹೇಳಿ ಇನ್ನೊಂದಕ್ಕೆ ಹೇಳದಿದ್ದರೆ ಹೇಗೆ? ಹೊಳೆಗೆ ಇಳಿದವನಿಗೆ ಚಳಿಯೇನು ಮಳೆಯೇನು. ಕೊನೆಯವರೆಗೂ ಹೇಳಿದೆ. ಎಲ್ಲಾ ಬಾಯಿಪಾಠ ಇತ್ತು. ಇಷ್ಟು ವರ್ಷ ಕೇಳಿದರೆ ಗೋಡೆಗೂ ಬರುತ್ತದೆ.

ಮಾರ್ಚ್ 8, ಶುಕ್ರವಾರ

ಕ್ಷೌರದ ಅಂಗಡಿಯವನು: "ಮೈಕಿನ ಮಾವ, ನಿಮಗೂ ವಯಸ್ಸಾಯ್ತಾ? ದೇವರು ನೆನಪಾಗಿಬಿಟ್ನಲ್ಲ."

ನಾನು: "ನಿಂಗೆ ಕತ್ತರಿ ಹಿಡಿಯೋದು ಇನ್ನೂ ನೆನಪಾಗಿಲ್ಲವಲ್ಲೋ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇವತ್ತೂ ಯಾರೂ ಬಂದಿರಲಿಲ್ಲ, ಇವತ್ತೂ ನಾನೇ ಹೇಳಬೇಕಾಯಿತು. ಫೋನ್ ಬಡಿದುಕೊಂಡರೆ ಹಲೋ ಎನ್ನುವುದಿಲ್ಲವೇ, ಹಾಗೆ. ಹಲೋ ಎಂದವನೆಲ್ಲ ಆ ಕಡೆಯವನ ನೆಂಟನೇ?

ಮಾರ್ಚ್ 12, ಮಂಗಳವಾರ

ಅಕ್ಕನ ಮಗಳ ಮೇಲೆ ಸಿಟ್ಟು.

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಒಳ್ಳೆಯ ಮಾತಿನಲ್ಲೇ ಕೇಳಿದೆ.

"ನೀನು ದೇವರನ್ನ ನಂಬ್ತೀಯೇನೇ?"

"ಅದರ ಬಗ್ಗೆ ಯೋಚನೆ ಮಾಡಿಲ್ಲ ಮಾವ."

"ಹಂಗಾದ್ರೆ ನಾಸ್ತಿಕಳು. ನನ್ನ ಸೊಸೆ ಅಂದ್ರೆ ಹಂಗಿರಬೇಕು."

"ನಾಸ್ತಿಕಳೂ ಅಲ್ಲ. ನಂಗೆ ಟೈಮಿಲ್ಲ. ಆ ವೈರ್ ಸ್ವಲ್ಪ ಜರುಗಿಸು."

ಟೈಮಿಲ್ಲ. ನಾನು ದೇವರನ್ನು ಬಿಟ್ಟದ್ದು ಟೈಮಿಲ್ಲದೆ ಅಲ್ಲ. ರಾತ್ರಿಯೆಲ್ಲ ಎದ್ದು ಕೂತು, ಇವತ್ತು ಸಿಡಿಲು ಹೊಡೆದು ಸಾಯಿಸುತ್ತಾನೆ ಎಂದು ಚಾದರ ಮುಚ್ಚಿಕೊಂಡು, ಬೆಳಿಗ್ಗೆ ಬದುಕಿದ್ದೇನೆಂದು ನೋಡಿ ಧೈರ್ಯ ತಂದುಕೊಂಡು ಬಿಟ್ಟೆ. ಮನೆಯಲ್ಲಿ ನನ್ನ ತಟ್ಟೆಯನ್ನು ಬೇರೆ ಇಟ್ಟರು. ಎಲ್ಲೆಲ್ಲೂ ಇರುವವನಿಗೆ ಬಾಗಿಲು ಯಾಕೆ ಎಂದು ಮಂದಿರದ ಮೆಟ್ಟಿಲ ಮೇಲೆ ನಿಂತು ಕೇಳಿದಾಗ ಊರೇ ಬೆವರಿತು. "ಬಾಗಿಲು ಅವನಿಗಲ್ಲ ಕಣೋ, ನಿನಗೆ" ಎಂದು ಎದುರುತ್ತರ ಕೊಟ್ಟವನು ಇದೇ ಗುರು. ಆಗ ಅವನಿನ್ನೂ ಗುರುವಾಗಿರಲಿಲ್ಲ, ನನ್ನ ಬೆಂಚಿನ ಗೆಳೆಯ. ಆ ದಿನದಿಂದ ಹಿಡಿದ ಜಗಳ ಇವತ್ತಿಗೂ ಮುಗಿದಿಲ್ಲ. ಹೆಚ್ಚು ಸಲ ಗೆದ್ದವನು ನಾನೇ.

ಈಗಿನವರು ಬಿಟ್ಟೂ ಇಲ್ಲ. ಕೈಯಲ್ಲಿ ಹಿಡಿದಿದ್ದರಲ್ಲವೇ ಬಿಡುವುದು? ಬೆಳಿಗ್ಗೆ ನಿದ್ದೆ ಜಾಸ್ತಿಯಾಯಿತು, ದೇವರು ಹೋದ. ಇದು ಒಂದು ಗೆಲುವೇ? ನಾನು ಗುದ್ದಲಿ ಹಿಡಿದು ಗೋಡೆ ಕೆಡವಲು ಹೋದರೆ, ಇವರು ಗೋಡೆ ಇತ್ತೇ ಎಂದು ಕೇಳುತ್ತಾರೆ.

ಮಾರ್ಚ್ 17, ಭಾನುವಾರ

ಇವತ್ತು ಮಂದಿರ ತುಂಬಿತ್ತು. ಅದಕ್ಕೇ ಸಿಟ್ಟು.

ನಾಸ್ತಿಕ ಪ್ರಾರ್ಥನೆ ಹೇಳುತ್ತಾನಂತೆ ಎಂದು ನೋಡಲು ಬಂದ ಜನ. ಹುಡುಗರು, ಹುಡುಗಿಯರು, ಕ್ಷೌರದವನು, ಅವನ ಗಿರಾಕಿ ಅರ್ಧ ಗಡ್ಡದಲ್ಲಿ. ಎಲ್ಲರ ಕೈಯಲ್ಲೂ ಫೋನು. ಗುರು ಬಾಗಿಲಲ್ಲಿ ನಿಂತು ನೋಡಿದ. ಅವನ ಮುಖ ಹೇಗಾಯಿತೆಂದರೆ, ಕೆಟ್ಟ ರೇಡಿಯೋ ಇದ್ದಕ್ಕಿದ್ದ ಹಾಗೆ ಹಾಡಿದರೆ ನನ್ನ ಮುಖ ಹಾಗಾಗುತ್ತದೆ. ಹಳೆಯ ಚಾಪೆಗಳನ್ನೂ ಎಳೆದು ಹಾಸಿದ.

ಮೊದಲ ಸಾಲು ಹೇಳಿದ. ಅಷ್ಟೂ ಜನ ಉತ್ತರ ಹೇಳುತ್ತಾರೆಂದು ನಾನು ಸುಮ್ಮನಿದ್ದೆ. ಒಬ್ಬರೂ ಹೇಳಲಿಲ್ಲ. ಎಲ್ಲರೂ ಫೋನನ್ನು ನನ್ನ ಕಡೆ ತಿರುಗಿಸಿದರು. ಗುರು ಕಾದ. ನಾನು ಹೇಳಿದೆ. ಕಿಸಕ್ಕನೆ ನಕ್ಕರು. ಎರಡನೇ ಸಾಲು, ಮತ್ತೆ ನಗು. ಮೂರನೆಯದಕ್ಕೆ ಗುರುವಿನ ದನಿ ಒಡೆಯಿತು. ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ, ನನಗೆ ಗೊತ್ತಾಯಿತು. ಆ ದನಿಯ ಏರು ತಗ್ಗು ನನ್ನ ಬೆರಳಿನಲ್ಲಿದೆ.

ಮೈಕು ಬಾಯಿಗಿಟ್ಟುಕೊಂಡೆ. "ನಗೋರು ಹೊರಗೆ ಹೋಗಿ ನಗಿ. ಕೂತಿರೋರು ಬಾಯಿ ಬಿಟ್ಟು ಉತ್ತರ ಕೊಡಿ. ನಿಮ್ಮಪ್ಪಂದಿರು ನಂಬಿ ಬರ್ತಿದ್ರು, ನಾನು ನಂಬದೆ ಬರ್ತೀನಿ, ನೀವು ಯಾತಕ್ಕೆ ಬಂದಿದ್ದೀರೋ ಅದನ್ನಾದ್ರೂ ಹೇಳಿ."

ಕೂಂಯ್ ಎಂದು ಹಾರ್ನ್ ಸೀಳಿತು. ಎಲ್ಲರೂ ಎದ್ದು ಹೋದರು.

ಮನೆಗೆ ಬಂದರೆ ಅಕ್ಕ ಕಿಟಕಿಯಿಂದ ತಿರುಗಲೂ ಇಲ್ಲ. "ಬಂದೋರನ್ನ ಓಡಿಸ್ಬಿಟ್ಟೆಯಲ್ಲೋ. ಇವತ್ತು ನಕ್ಕೋನು ನಾಳೆ ಒಂದು ಸಾಲು ಹೇಳ್ತಿದ್ನೋ ಏನೋ."

ನನ್ನಿಂದ ಓಡಿದರಂತೆ. ಇದ್ದರಲ್ಲವೇ ಓಡುವುದಕ್ಕೆ.

ಮಾರ್ಚ್ 23, ಶನಿವಾರ

ಪ್ರಾರ್ಥನೆ ಮುಗಿಸಿ ಗುರು ಚಾಪೆ ಸುತ್ತುತ್ತಾ ಹೇಳಿದ, "ಲೋ ಮೈಕು, ಉತ್ತರದ ಕೊನೇಲಿ ದನಿ ಮೇಲಕ್ಕೆ ಹೋಗ್ಬೇಕು. ನೀನು ಕೆಳಕ್ಕೆ ಬಿಡ್ತೀಯ. ಕೆಳಕ್ಕೆ ಬಿಟ್ರೆ ಮನೆ ಖಾಲಿ ಅಂದಂಗೆ ಕೇಳ್ಸುತ್ತೆ."

"ಖಾಲಿನೇ ಅಲ್ಲವೇನೋ."

"ನೀನಿದ್ದೆಯಲ್ಲ."

"ನಾನು ಲೆಕ್ಕಕ್ಕಿಲ್ಲ."

"ಹಂಗಾದ್ರೆ ದನಿ ಯಾರದು?"

ನಾನು ವೈರ್ ಸುತ್ತಲು ಹೋದೆ.

ಆಮೇಲೆ ಅವನೇ ಸಭೆಯ ಮಾತು ತೆಗೆದ. ಸೋಫಾ ಒಂದು ಹೊಸ ತಕರಾರು ತೆಗೆದಿದ್ದಾನಂತೆ: ಉತ್ತರ ಕೊಡುತ್ತಿರುವವನು ನಂಬದವನು, ಆದ್ದರಿಂದ ಈ ತಿಂಗಳು ಪ್ರಾರ್ಥನೆಯೇ ನಡೆದಿಲ್ಲ ಎಂದು. ಸಭೆಯಲ್ಲಿ ನನ್ನನ್ನೇ ನಿಲ್ಲಿಸಿ ಕೇಳುತ್ತಾರಂತೆ. ನಂಬುತ್ತೇನೆ ಎಂದರೆ ಮಂದಿರಕ್ಕೆ ಒಬ್ಬ ಭಕ್ತನಾದರೂ ಇದ್ದಾನೆ, ಬಾಗಿಲು ತೆರೆದಿರುತ್ತದೆ. ಇಲ್ಲ ಎಂದರೆ ಬೀಗ.

"ನನಗೋಸ್ಕರ ಸುಳ್ಳು ಹೇಳ್ಬೇಡ" ಎಂದ ಗುರು. "ಬೇರೆ ಯಾವ ಸುಳ್ಳಾದ್ರೂ ಹೇಳು. ಅದಕ್ಕೆ ನಿನ್ನ ಬಿಟ್ರೆ ಇಲ್ಲ. ಇದೊಂದು ಬೇಡ."

ಮಾರ್ಚ್ 30, ಶನಿವಾರ

ಅಕ್ಕ ನನಗೆ ಕೈ ಮುಗಿದಳು. ತಮ್ಮನಿಗೆ ಅಕ್ಕ ಕೈ ಮುಗಿಯುವುದೇ?

"ಒಂದೇ ಒಂದು ಮಾತು ಕಣೋ. ನಂಬ್ತೀನಿ ಅಂದುಬಿಡು. ಚಿರತೆ ಜೊತೆ ಕುಸ್ತಿ ಮಾಡ್ದೆ ಅಂದೆ, ಮಂತ್ರಿಗಳ ಮೈಕನ್ನ ಹೇರ್‌ಪಿನ್ನಲ್ಲಿ ರಿಪೇರಿ ಮಾಡ್ದೆ ಅಂದೆ, ನಾವೆಲ್ಲ ಹೂಂ ಅಂದ್ವಿ. ಜನ್ಮವೆಲ್ಲ ಸುಳ್ಳು ಹೇಳ್ದೋನಿಗೆ ಇದೊಂದು ಭಾರಾನಾ? ಬೆಳಿಗ್ಗೆ ಆ ದನಿ ಕೇಳ್ಳಿಲ್ಲ ಅಂದ್ರೆ ನಾನು ಯಾತಕ್ಕೆ ಏಳ್ಬೇಕು ಹೇಳು."

ಹೇರ್‌ಪಿನ್ನಿನದು ನಿಜ. ಮಂತ್ರಿ ಅಲ್ಲದಿರಬಹುದು, ಯಾರೋ ದೊಡ್ಡವರು.

ಮಾರ್ಚ್ 31, ಭಾನುವಾರ

ಇಲ್ಲ ಎಂದೆ.

ಮಂದಿರದಲ್ಲೇ ಸಭೆ. ಸೋಫಾ ತನ್ನ ಅಂಗಡಿಯಿಂದಲೇ ಕುರ್ಚಿ ತರಿಸಿದ್ದ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ, ಕೂತವರು ಅಲ್ಲಾಡಿದರೆ ಪರಪರ ಎನ್ನುತ್ತಿತ್ತು. ಗುರು ಚಾಪೆಯ ಮೇಲೆ ಕೂತಿದ್ದ.

"ಮೈಕಿನ ಮಾವ, ಸುತ್ತಿ ಬಳಸಿ ಬೇಡ. ನೀವು ನಂಬ್ತೀರೋ ಇಲ್ವೋ?"

ಬಾಯಿಯವರೆಗೂ ಬಂದಿತ್ತು. ಅಕ್ಕನ ಮುಖ, ಹಿಂದಿನ ಕೋಣೆಯ ಗುರುವಿನ ಟ್ರಂಕು, ಎಲ್ಲ ಕಣ್ಣ ಮುಂದೆ ಬಂತು. ಗುರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ.

"ಇಲ್ಲ" ಎಂದೆ. "ನಂಬಲ್ಲ. ಈಗ ನಾನು ಕೇಳ್ತೀನಿ. ನೀವು ನಂಬ್ತೀರಾ ಸಾಹುಕಾರ್ರೇ? ಬೆಳಿಗ್ಗೆ ಎಲ್ಲಿರ್ತೀರಿ? ನೀವು, ಟೈಲರ್? ನೀವು, ಮೇಡಂ? ನಂಬೋರು ಒಬ್ಬರು ಕೈ ಎತ್ತಿ. ನಂಬಲ್ಲ ಅನ್ನೋರಾದ್ರೂ ಎತ್ತಿ, ನನ್ನ ಪಕ್ಕ ಬಂದು ನಿಲ್ಲಿ, ಜೊತೆ ಸಿಕ್ಕಂಗಾಗುತ್ತೆ."

ಪರಪರ ಎಂದಿತು ಕುರ್ಚಿ. ಕೈ ಯಾವುದೂ ಏಳಲಿಲ್ಲ. ಟೈಲರ್ ತನ್ನ ಉಗುರು ನೋಡಿಕೊಂಡ. "ಅದೆಲ್ಲ ಅವರವರ ಸ್ವಂತ ವಿಷಯ" ಎಂದ ಸೋಫಾ. ಸ್ವಂತ ವಿಷಯವಂತೆ. ಎಲ್ಲಿಟ್ಟಿದ್ದೀರಿ ಸ್ವಾಮಿ ಅದನ್ನು, ಬೀರುವಿನಲ್ಲೇ?

ಮುಚ್ಚಲು ಒಪ್ಪಿಗೆ ಎಂದಾಗ ಮಾತ್ರ ಎಲ್ಲಾ ಕೈಗಳೂ ಚಕ್ಕನೆ ಎದ್ದವು.

ಏಪ್ರಿಲ್ 1, ಸೋಮವಾರ

ಅಕ್ಕ ಮಾತು ಬಿಟ್ಟಿದ್ದಾಳೆ.

ಏಪ್ರಿಲ್ 3, ಬುಧವಾರ

ಹಾರ್ನ್ ಇಳಿಸಿದೆ. ಅದರೊಳಗೆ ಗುಬ್ಬಿ ಗೂಡು ಕಟ್ಟಿತ್ತು, ಇಷ್ಟು ದಿನ ಅಷ್ಟು ಗದ್ದಲದಲ್ಲಿ ಹೇಗೆ ಮಲಗುತ್ತಿತ್ತೋ. ಹಾರ್ನನ್ನು ಗೂಡಿನ ಸಮೇತ ನಮ್ಮ ತಾರಸಿಯ ಗೋಡೆಗೆ ಒರಗಿಸಿದ್ದೇನೆ. ಸೋಫಾನ ಆಳುಗಳು ಆಗಲೇ ಮೂರು ಮಂಚ ತಂದು ಒಳಗೆ ನಿಲ್ಲಿಸಿದರು.

ಗುರುವನ್ನು ನಮ್ಮ ಮನೆಯ ಕೆಳಗಿರುವ ನನ್ನ ಮೈಕಿನ ಅಂಗಡಿಗೆ ಕರೆದುಕೊಂಡು ಬಂದೆ. ದಯೆಯೂ ಅಲ್ಲ, ಮಣ್ಣೂ ಅಲ್ಲ. ಅಂಗಡಿಗೆ ಕಾವಲು ಬೇಕಿತ್ತು.

"ಇಲ್ಲಿ ಕಳ್ಳ ಬಂದ್ರೆ ಏನು ತಗೊಂಡು ಹೋಗ್ತಾನೋ?" ಎಂದ, ಹರಿದ ಸ್ಪೀಕರ್ ಡಬ್ಬಗಳನ್ನು ನೋಡಿ.

"ನಿನ್ನ ತಗೊಂಡು ಹೋಗ್ಲಿ ಅಂತ ಇಟ್ಟಿರೋದು."

ನಗಲಿಲ್ಲ.

ಏಪ್ರಿಲ್ 4, ಗುರುವಾರ

ಬೆಳಿಗ್ಗೆ ಶಟರ್ ಎತ್ತಿದರೆ ಇವನು ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಪ್ರಾರ್ಥನೆಯ ಹೊತ್ತು ಮೀರುತ್ತಿತ್ತು.

"ಏನೋ, ಜ್ವರಾನಾ?"

"ಮಂದಿರ ಇಲ್ಲ, ಜನ ಇಲ್ಲ. ಯಾರಿಗೆ ಹೇಳ್ಲಿ?"

"ಯಾರಿಗೆ ಹೇಳ್ತಿದ್ದೆಯೋ ಅವನಿಗೇ ಹೇಳು."

ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡ. ಆಮೇಲೆ ಗೋಡೆಗೇ ಹೇಳಿದ, "ಕರೆದವನು ಕಾದಿದ್ದಾನೆ ಅಂತೀನಲ್ಲ, ಕಾದಿದ್ದಾನೋ ಇಲ್ವೋ ನಂಗೂ ಗೊತ್ತಿಲ್ಲ ಕಣೋ. ಕೈ ಎತ್ತಿದೋರಲ್ಲಿ ನಾನೇ ಹೆಸರಿಟ್ಟ ಮಕ್ಕಳಿದ್ವು."

ನನಗೆ ಬಂದ ಸಿಟ್ಟನ್ನು ಡಾಕ್ಟರು ನೋಡಿದ್ದರೆ ಯಂತ್ರವನ್ನು ಕಸಕ್ಕೆ ಎಸೆಯುತ್ತಿದ್ದರು. ಹೊದಿಕೆ ಕಿತ್ತು ಬಿಸಾಕಿದೆ.

"ಏಳೋ. ನೀನೇ ಹಿಂಗಂದ್ರೆ ನಾನು ಇಷ್ಟು ವರ್ಷ ಯಾರನ್ನ ನಂಬದೆ ಇದ್ದೆ? ನನ್ನ ಅಪ್ಪನ ಏಟು, ಬೇರೆ ತಟ್ಟೆ, ಎಲ್ಲಾ ಸುಮ್ಮನೇನಾ? ಊರಿಗೆ ಊರೇ ಕೈಬಿಟ್ರೂ ನೀನು ಬಿಡೋ ಹಂಗಿಲ್ಲ. ನಿಂಗೆ ಆ ಹಕ್ಕಿಲ್ಲ. ಎದ್ದು ಮೊದಲ ಸಾಲು ಹೇಳು. ಉತ್ತರ ನಾನು ಕೊಡ್ತೀನಿ."

ಎದ್ದು ಕೂತ. ಎರಡು ಸಲ ಕೆಮ್ಮಿದ.

ನಾನು ದನಿ ಮೇಲಕ್ಕೇ ಬಿಟ್ಟೆ. ಅವನು ತಕರಾರು ತೆಗೆಯಬಾರದಲ್ಲ, ಅದಕ್ಕೆ.

ಏಪ್ರಿಲ್ 11, ಗುರುವಾರ

ಅಂಗಡಿಯಿಂದ ಮಹಡಿಗೆ ವೈರ್ ಎಳೆದು ಅಕ್ಕನ ಕಿಟಕಿಯ ಹತ್ತಿರ ಒಂದು ಸಣ್ಣ ಡಬ್ಬ ಸ್ಪೀಕರ್ ಕೂರಿಸಿದೆ. ಸುಮ್ಮನೆ ಬಿದ್ದಿತ್ತು, ಇಲಿ ಕಡಿಯುತ್ತಿತ್ತು.

ಬೆಳಿಗ್ಗೆ ಗುರು ಮೊದಲ ಸಾಲು ಹೇಳಿದ. ನಾನು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಅಕ್ಕನ ದನಿ ಬಂತು, ಮೈಕಿಲ್ಲದೆ, ಮೆಟ್ಟಿಲು ಇಳಿದು. ಆಮೇಲೆ ಅವಳೇ ಮಗಳ ಕೈಯಲ್ಲಿ ಟೀ ಕಳಿಸಿದಳು. ಲೋಟದ ಜೊತೆ ಮಾತೂ ಕಳಿಸಿದ್ದಳು: "ಅವನಿಗೆ ಹೇಳು, ಮೂರನೇ ಸಾಲಲ್ಲಿ ಅವಸರ ಮಾಡ್ತಾನೆ."

ನನ್ನನ್ನು ತಿದ್ದುವವರು ಇಬ್ಬರಾದರು. ಎತ್ತು ಮುದಿಯಾದರೂ ಚಾಟಿಗೆ ವಯಸ್ಸಾಗಲಿಲ್ಲ.

ಏಪ್ರಿಲ್ 24, ಬುಧವಾರ

ಗುರುವಿನ ಕೆಮ್ಮು ಕೆಮ್ಮಲ್ಲ. ಗಂಟಲಿನಲ್ಲಿ ಏನೋ ಬೆಳೆದಿದೆ. ಮಾತಾಡಕೂಡದು, ಪಿಸುಮಾತೂ ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಮೊದಲ ಸಾಲಿನವನ ಗಂಟಲಿಗೇ ಕೈ ಹಾಕಬೇಕಿತ್ತೇ? ಉತ್ತರ ಕೊಡುವ ನನ್ನ ಗಂಟಲು ಇರಲಿಲ್ಲವೇ, ಕಲ್ಲಿನ ಹಾಗಿದೆ. ಇದ್ದರೆ ಎದುರಿಗೆ ಬಾ, ಕೇಳುತ್ತೇನೆ. ಇಲ್ಲ ಎಂದು ನನಗೆ ಗೊತ್ತು. ಆದರೂ ಕೇಳುತ್ತೇನೆ.

ಏಪ್ರಿಲ್ 29, ಸೋಮವಾರ

ಅಕ್ಕ ಮಂಡಿಯ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದಾಳೆ. ಆದ್ದರಿಂದ ಇವತ್ತು ಕೇಳುವವರೂ ಇಲ್ಲ, ಹೇಳುವವನಿಗೆ ಬಾಯಿಯೂ ಇಲ್ಲ. ನಾನು ಹಾಯಾಗಿ ಮಲಗಬಹುದಿತ್ತು. ಅಭ್ಯಾಸಕ್ಕೆ ಎಚ್ಚರವಾಯಿತು, ಶಟರ್ ಎತ್ತಿದೆ.

ಗುರು ಮಂಚದ ಮೇಲೆ ಎದ್ದು ಕೂತಿದ್ದ. ಕಣ್ಣು ಮುಚ್ಚಿತ್ತು. ತುಟಿ ಅಲ್ಲಾಡುತ್ತಿತ್ತು, ಶಬ್ದವಿಲ್ಲ. ಮೊದಲ ಸಾಲು ಎಂದು ತುಟಿಯಲ್ಲೇ ಗೊತ್ತಾಯಿತು. ಹೇಳಿ, ಉತ್ತರಕ್ಕೆ ಕಾಯುತ್ತಾ ಕೂತ. ಹೇಳಿದ್ದೇ ಕೇಳಿಸಿಲ್ಲ, ಉತ್ತರ ಎಲ್ಲಿಂದ ಬರಬೇಕು? ದನಿ ಕೇಳಿಸದಿದ್ದರೆ ಮೈಕಿನವನೇ ಹೊಣೆ. ಇದು ಕಸುಬಿನ ಮಾತು, ಬೇರೆ ಏನೂ ಅಲ್ಲ.

ಬಾಗಿಲಲ್ಲಿ ನಿಂತು, "ಬೆಳಗಾಯಿತು, ಕರೆದವನು ಕಾದಿದ್ದಾನೆ" ಎಂದೆ.

ಆಗ ಹೊಳೆಯಿತು, ಈಗ ಉತ್ತರ ನಾನು ಕೊಡುವಂತಿಲ್ಲ. ಹೇಳಿದವನೇ ಉತ್ತರವನ್ನೂ ಹೇಳಿದರೆ ಅದು ಹುಚ್ಚು. ನಿಂತೆ. ಹಾಲಿನವನ ಸೈಕಲ್ ಹೋಯಿತು.

ಅಕ್ಕನ ಮಗಳು ಕೋಟು ಹಾಕಿಕೊಂಡು, ಅಮ್ಮನಿಗೆ ಫ್ಲಾಸ್ಕ್ ಹಿಡಿದುಕೊಂಡು ಮೆಟ್ಟಿಲು ಇಳಿದಳು. ನಾನು ದಾರಿಗೆ ಅಡ್ಡವಾಗಿದ್ದೆ.

"ಮಾವ, ಜರುಗು. ಲೇಟಾಗ್ತಿದೆ."

ನಾನು ಜರುಗಲಿಲ್ಲ. ಜರುಗುವಂತಿಲ್ಲ, ಉತ್ತರ ಬಂದಿಲ್ಲ.

"ಮಾವ, ಏನಾಯ್ತು ನಿಂಗೆ? ಟೀ ಆರಿಹೋಗುತ್ತೆ."

ನಾನು ಕಣ್ಣು ಮುಚ್ಚಿಕೊಂಡೆ. ಅವಳ ಚಪ್ಪಲಿ ಎರಡು ಸಲ ನೆಲಕ್ಕೆ ಬಡಿಯಿತು. ಉಸ್ಸೆಂದಳು. ಆಮೇಲೆ, "ಬಂದೆವು, ಇಲ್ಲಿದ್ದೇವೆ, ಸಾಕಾ? ಬಿಡು ಈಗ" ಎಂದು ಗದರಿ ನನ್ನನ್ನು ಪಕ್ಕಕ್ಕೆ ತಳ್ಳಿ ಹೋದಳು. ಕಣ್ಣು ತೆರೆದರೆ ಗುರು ಎರಡನೇ ಸಾಲಿಗೆ ಬೆರಳು ಎತ್ತಿದ್ದ.

ಸಿಟ್ಟು ಇನ್ನೂ ಇಳಿದಿಲ್ಲ. ಟೈಮಿಲ್ಲದವಳು, ಯೋಚನೆಯನ್ನೇ ಮಾಡದವಳು, ಹೋಗುವ ದಾರಿಯಲ್ಲಿ ಎಸೆದ ಹಾಗೆ ಹೇಳಿ ಹೋಗುವುದೇ? ಅದೂ ಕೊನೆಯಲ್ಲಿ ದನಿ ಕೆಳಕ್ಕೆ ಬಿಟ್ಟಳು. ಕೆಳಕ್ಕೆ ಬಿಟ್ಟರೆ ಮನೆ ಖಾಲಿ ಎಂದ ಹಾಗೆ ಕೇಳಿಸುತ್ತದೆ.

ನಾಳೆ ತಿದ್ದಬೇಕು.